ಬೀಗದ ಕೈ

ಬಾಯ್ಲರ್ ಕೋಣೆಯ ಪಕ್ಕದಲ್ಲಿ ನನ್ನದೊಂದು ಹಲಗೆ,
ಅದಕ್ಕೆ ಎಪ್ಪತ್ತು ಮೊಳೆ.
ಈ ಹೈಸ್ಕೂಲಿಗೆ ಯಾರು ಸೇರಿದರೂ ಮೊದಲು ನನ್ನ ಬಳಿ ಬಂದು
ರುಜು ಹಾಕಿ ಬೀಗದ ಕೈ ಒಯ್ಯುತ್ತಾರೆ.
ಬಿಡುವಾಗ ಕೊನೆಗೂ ನನ್ನ ಬಳಿಯೇ.
ಹಲಗೆ ಬರಿದಾಗಿದ್ದರೆ ಶಾಲೆ ತುಂಬಿದೆ ಎಂದು ಲೆಕ್ಕ.
ಬ್ಯೂಟ್ ಊರಿಗೆ ನಾನು ಬಂದ ವರ್ಷ
ಒಂಬತ್ತು ಮೊಳೆಗಳಿಗೆ ಮಾತ್ರ ಭಾರವಿತ್ತು.

ಈ ಜೂನಿನಲ್ಲಿ ಐಲಾ ಮ್ಯಾಟ್ಸನ್ ಬಂದಳು.
ಲೈಬ್ರರಿಯ ಎರಡು ಕೈ: ಒಂದು ಬಾಗಿಲಿನದು,
ಒಂದು ಹಳೆಯ ಗಣಿ ನಕಾಶೆಗಳ ಕಪಾಟಿನದು.
"ಆಗಾಗ ತೆಗೆದು ಗಾಳಿಯಾಡಿಸು," ಎಂದಳು, ಯಾವುದನ್ನು ಎನ್ನಲಿಲ್ಲ.
ಜರ್ಮನ್ ಕಲಿಸುತ್ತಿದ್ದ ಟ್ರೆಗೋನಿಂಗ್ ಲಕೋಟೆಗೆ ಹಾಕಿ
ಅಂಟಿಸಿಯೇ ಕೊಟ್ಟ. ಮೇಲೆ ಬರೆದಿದ್ದ:
ಇನ್ನೂರ ಹದಿನೇಳು, ಕಿಟಕಿ ಮುಚ್ಚುವುದಿಲ್ಲ, ನಿನಗೇ ಗೊತ್ತಲ್ಲ.
ನರ್ಸ್ ಮಾತ್ರ ತನ್ನದನ್ನು ಇಟ್ಟುಕೊಂಡಿದ್ದಾಳೆ.
ಅವಳಿಗೀಗ ಮೂರು ಶಾಲೆ. ನಮ್ಮ ಪಾಲಿಗೆ
ಮಂಗಳವಾರ, ಮತ್ತೆ ಗುರುವಾರ ಊಟದವರೆಗೆ.
ಮಿಕ್ಕ ದಿನ ಮಕ್ಕಳು ಜ್ವರ ತಂದುಕೊಳ್ಳಬಾರದು.

ಮಕ್ಕಳ ಅಳಲು ಕೇಳುವವರು ಮೂವರಿದ್ದರು.
ಈಗ ಡ್ರಾಗಾನಾ ಒಬ್ಬಳೇ, ಆರುನೂರ ನಲವತ್ತು ಮಕ್ಕಳಿಗೆ.
ಅವಳ ಬಾಗಿಲಿಗೊಂದು ಹಾಳೆ, ದಾರಕ್ಕೆ ಕಟ್ಟಿದ ಪೆನ್ಸಿಲು
(ದಾರ ಕಟ್ಟಿದ್ದು ನಾನೇ).
ಹೆಸರು ಬರೆದರೆ ಹನ್ನೊಂದು ದಿನಕ್ಕೆ ಸರದಿ,
ಸರದಿಗೆ ಏಳು ನಿಮಿಷ.
ಕಾಲೇಜಿನ ಅರ್ಜಿಯೂ ಅದರಲ್ಲೇ, ಬಿಕ್ಕುವುದೂ ಅದರಲ್ಲೇ.

ಬಜೆಟ್ ಸಭೆಗೆ ಅರವತ್ತು ಕುರ್ಚಿ ಹಾಕಿದೆ. ಹತ್ತೊಂಬತ್ತು ಜನ ಬಂದರು.
ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ಹಸಿರು ಗೆರೆ ತೋರಿಸಿದ:
"ಹದಿನೇಳು ಮಕ್ಕಳಿಗೆ ಒಬ್ಬ ಸಿಬ್ಬಂದಿ. ಅನುಪಾತ ಚೆನ್ನಾಗಿಯೇ ಇದೆ."
ಕೆಳಗೆ ಸಣ್ಣ ಅಕ್ಷರದಲ್ಲಿ ಎಣಿಕೆಯಾದವರ ಪಟ್ಟಿ.
ಅಡುಗೆಯ ಪೆಟ್ರೋನೆಲ್ಲಾ ಇದ್ದಳು, ಬಸ್ಸಿನ ಇಬ್ಬರು ಡ್ರೈವರುಗಳಿದ್ದರು.
ನಾನಿದ್ದೆ.

ಹಾಗಾದರೆ ನನ್ನ ಪಾಲಿನ ಹದಿನೇಳು ಮಕ್ಕಳು ಯಾರು?
ಕೇಳಬೇಕೆಂದು ಎದ್ದೆ. ಎದ್ದವನು
ಖಾಲಿ ಕುರ್ಚಿಗಳನ್ನು ಮಡಚತೊಡಗಿದೆ.

ಅಕ್ಟೋಬರಿನಲ್ಲಿ ಒಬ್ಬಳು ಸಿಕ್ಕಳು. ಮೇವ್ ಹಾರ್ಕಿನ್, ಒಂಬತ್ತನೇ ತರಗತಿ.
ಬುಧವಾರ. ನರ್ಸಿನ ಬಾಗಿಲು ತಳ್ಳಿ ನೋಡಿ,
ಬಾಯ್ಲರಿನ ಬಿಸಿ ಹುಡುಕಿ ಬಂದು ನನ್ನ ಬೋರಲು ಬಕೀಟಿನ ಮೇಲೆ ಕೂತಳು.
ಮಾತಿಲ್ಲ. ನಾನೂ ನೆಲ ಒರೆಸುವ ಕೋಲಿಗೆ ಬಟ್ಟೆ ಸುತ್ತುತ್ತಿದ್ದೆ.
ಮರುದಿನವೂ ಬಂದಳು. ಹಲಗೆ ತೋರಿಸಿ, ಇದು ಯಾವುದರದು, ಇದು?
ಇದು ಮಡಕೆ ಮಾಡಿಸುತ್ತಿದ್ದ ಕೋಣೆಯದು. ಇದು ಬ್ಯಾಂಡಿನದು.
ಇದು ಓದಲು ತಡವರಿಸುವವರನ್ನು ಕೂರಿಸಿಕೊಳ್ಳುತ್ತಿದ್ದ ಕೋಣೆಯದು.
ಬೀಗಕ್ಕೆ ಕೈ ಇದೆ, ಕೈಗೆ ಮನುಷ್ಯರಿಲ್ಲ.
ಶುಕ್ರವಾರ, ಬೂಟು ನೋಡಿಕೊಳ್ಳುತ್ತ, ಹೇಳಿದಳು:
"ಅಮ್ಮ ಭಾನುವಾರದಿಂದ ಮನೆಗೆ ಬಂದಿಲ್ಲ."

ನನಗೆ ತರಬೇತಿಯಿಲ್ಲ. ಸ್ಪ್ಯಾನರಿನ ಅಳತೆಗಳು ಗೊತ್ತು,
ಯಾವ ನಲ್ಲಿ ಚಳಿಗೆ ಮೊದಲು ಒಡೆಯುತ್ತದೆಂದು ಗೊತ್ತು.
ಆ ಹುಡುಗಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ
ಹಾಳೆ ದಾಟಿ, ಪೆನ್ಸಿಲು ದಾಟಿ, ತಟ್ಟದೆ ಬಾಗಿಲು ತೆರೆದೆ.

ಒಳಗೊಬ್ಬ ಹುಡುಗ. ಅವನ ಏಳು ನಿಮಿಷದಲ್ಲಿ
ಎರಡೋ ಮೂರೋ ಆಗಿತ್ತು. ಮೇವಳ ಮುಖ ನೋಡಿದ.
ತಾನೇ ಎದ್ದ. "ಪರವಾಗಿಲ್ಲ, ನಾನು ಇನ್ನೊಮ್ಮೆ ಬರ್ತೀನಿ," ಎಂದ.
ಡ್ರಾಗಾನಾ ಅವನ ತೋಳು ಹಿಡಿಯಲು ಚಾಚಿದ ಕೈ
ಗಾಳಿಯಲ್ಲಿ ಅರ್ಧಕ್ಕೆ ನಿಂತು, ಕುರ್ಚಿಯತ್ತ ತಿರುಗಿತು,
ಮೇವಳಿಗಾಗಿ.

ಹಾಳೆಯಲ್ಲಿ ಅವನ ಹೆಸರು ಹೊಡೆದುಹಾಕಿತ್ತು, ಓದಲಾಗಲಿಲ್ಲ.
ಮತ್ತೆ ಬರೆದನೋ ಇಲ್ಲವೋ.
ಕೆಂಪು ಲೇಸಿನ ಬೂಟು, ಎಡಗಾಲಿನದು ಗಂಟು ಬಿದ್ದಿತ್ತು.
ಮೂರು ವಾರವಾಯಿತು. ಗಂಟೆ ಹೊಡೆದಾಗ
ಕಾರಿಡಾರಿನಲ್ಲಿ ನೆಲ ಒರೆಸುತ್ತ
ಆರುನೂರ ನಲವತ್ತು ಜೊತೆ ಕಾಲುಗಳನ್ನು
ನೋಡುತ್ತಾ ಇದ್ದೇನೆ.