ಶ್ರುತಿ ಇಳಿಸಿದ ಮೇಲೆ

ಮಧ್ಯಾಹ್ನ ಎರಡಕ್ಕೆ ಕಛೇರಿ. ಓಕ್ಲಹೋಮಾದ ಕ್ಯಾಸಿನೋ,
ಕಿಟಕಿಯೇ ಇಲ್ಲದ ಹಾಲು. ಊಟದ ಕೂಪನ್ನಿನ ಜೊತೆ
ನಾವು ಪುಕ್ಕಟೆ.
ಪಕ್ಕದಲ್ಲಿ ಜೂಜಿನ ಯಂತ್ರಗಳ ಕಿಣಿಕಿಣಿ,
ಎಲ್ಲಕ್ಕೂ ಒಂದೇ ಶ್ರುತಿ, ಅದು ನಮ್ಮದಲ್ಲ.

ನಾನು ಬೇಸ್ ಗಿಟಾರಿನವನು. ಓಪಲ್ ಹ್ಯಾಚರಳ ಎಡಕ್ಕೆ
ಎರಡು ಹೆಜ್ಜೆ ಹಿಂದೆ, ಮೂವತ್ತೊಂದು ವರ್ಷದಿಂದ.
ಅವಳ ಬೆನ್ನನ್ನು ಅವಳ ಮೂವರು ಗಂಡಂದಿರಿಗಿಂತ
ನಾನೇ ಹೆಚ್ಚು ನೋಡಿದ್ದೇನೆ.
ಉಸಿರೆಳೆಯುವ ಮುಂಚೆ ಎಡಭುಜ ಕೊಂಚ ಏಳುತ್ತದೆ.
ಈಚೆಗೆ ಮೇಲಿಂದ ಮೇಲೆ ಏಳುತ್ತದೆ.

ಒಂದು ಕಾಲಕ್ಕೆ ಬಸ್ಸಿತ್ತು, ಮಗ್ಗುಲಲ್ಲಿ
ಆಳೆತ್ತರದ ಅಕ್ಷರದಲ್ಲಿ ಅವಳ ಹೆಸರು. ಆಮೇಲೆ ವ್ಯಾನು.
ಈಗ ನನ್ನ ಕಾರು, ಹಿಂದಿನ ಸೀಟಿನಲ್ಲಿ
ಗಿಟಾರಿಗೆ ಬೆಲ್ಟು ಬಿಗಿದಿರುತ್ತದೆ.
ಡ್ರಮ್ಮಿಗೆ ಆಯಾ ಊರಿನವರೇ. ಅರ್ಕನ್ಸಾದಲ್ಲಿ ಸಿಕ್ಕವನು
ಹಂದಿ ಹರಾಜಿನಲ್ಲಿ ಲೆಕ್ಕ ಬರೆಯುವ ಹುಡುಗ,
ತಾಳ ಮಾತ್ರ ಗಡಿಯಾರ.

ಆ ಹಾಡು ಮೊದಲು 'ಜಿ'ಯಲ್ಲಿತ್ತು. ಅರವತ್ತಕ್ಕೆ 'ಎಫ್',
ಎಪ್ಪತ್ತಕ್ಕೆ 'ಇ'. ಹೋದ ಚಳಿಗಾಲದ ಕೆಮ್ಮು ಕಳೆದ ಮೇಲೆ
ಮೆಟ್ಟಿಲು ಹತ್ತುತ್ತ ಕಿವಿಯಲ್ಲಿ ಹೇಳಿದಳು:
"ಡಿಗೆ ಇಳಿಸು, ವೆಂಡಲ್. ಯಾರಿಗೂ ಹೇಳಬೇಡ."
ಹೇಳೋಣವೆಂದರೆ ಕೇಳುವವರು ಯಾರು?
ಆದರೂ ಹೆಂಡತಿಗೂ ಹೇಳಲಿಲ್ಲ.

ಜನ ಕಾಯುವುದು ಅದೊಂದಕ್ಕೇ: ಎಪ್ಪತ್ತನಾಲ್ಕರಲ್ಲಿ
ರೇಡಿಯೋ ಬಿಟ್ಟು ಹನ್ನೊಂದು ವಾರ ಕದಲದ ಹಾಡು.
ರಾತ್ರಿಪಾಳಿ ಮುಗಿಸಿ ಬಂದ ಹೆಂಗಸು
ಒಲೆ ಹಚ್ಚದೆ, ಬೂಟು ಬಿಚ್ಚದೆ,
ಬಾಗಿಲ ಹಿಂದಿನ ಮೊಳೆ ನೋಡುತ್ತ ಕೂರುತ್ತಾಳೆ.
ಮೂರನೇ ಚರಣದಲ್ಲಿ ಗೊತ್ತಾಗುತ್ತದೆ: ಮೊಳೆಯಲ್ಲಿ ಕೋಟಿಲ್ಲ.
ಅಷ್ಟೇ ಕತೆ.

ಅವತ್ತು ಮೂರನೇ ಚರಣಕ್ಕೆ ಭುಜ ಎದ್ದಿತು,
ಇಳಿಯಲಿಲ್ಲ.
ಮಾತು ಹುಟ್ಟಲಿಲ್ಲ. ನಾನು ಒಂದು ಸುತ್ತು ಹೆಚ್ಚಿಗೆ ಬಾರಿಸಿದೆ,
ಮತ್ತೊಂದು ಬಾರಿಸಿದೆ,
ಯಾರೋ ಒಳಗೆ ಮರೆತದ್ದು ತರಲು ಹೋದಾಗ
ಹೊರಗೆ ಗುರುಗುಡುತ್ತ ನಿಂತ ಗಾಡಿಯ ಹಾಗೆ.

ಮುಂದಿನ ಮೇಜಿನಿಂದ ಒಬ್ಬ ಮುದುಕ,
ಮೂಗಿಗೆ ಆಕ್ಸಿಜನ್ ನಳಿಗೆ, ಹಾಡತೊಡಗಿದ.
ತಪ್ಪು ಹಾಡಿದ: ಮೊಳೆಯಲ್ಲಿ ಕೋಟು ಹಾಗೇ ಇದೆ.
ಅರ್ಧ ಸಭೆ ಅವನ ಹಿಂದೆ ಹೋಯಿತು,
ಅರ್ಧ ಸರಿ ಹಾಡಿತು. ಇದೆ, ಇಲ್ಲ, ಇದೆ, ಇಲ್ಲ.
ಐಸ್ ಟೀ ಸುರಿಯುತ್ತಿದ್ದ ಹುಡುಗಿ ಜಗ್ಗು ಹಿಡಿದೇ ನಿಂತಳು.

ಕ್ಯಾಸೆಟ್ಟಿನ ಮೇಜಿಗೆ ಬಂದ ಅವನನ್ನು ಓಪಲ್ ಕೇಳಿದಳು,
"ಹಾಗಂತ ಯಾರು ಕಲಿಸಿದರು ನಿನಗೆ?"
"ನನಗೆ ಯಾವತ್ತೂ ಹಾಗೇ ಕೇಳಿಸಿದ್ದು" ಅಂದ.
ಕೊಂಚ ತಡೆದು,
"ನಮ್ಮ ಮನೆಯಲ್ಲೂ ಅವಳದು ಹಾಗೇ ಇದೆ."

ರಾತ್ರಿ ಹೆದ್ದಾರಿಯಲ್ಲಿ ಕಡಲೇಕಾಯಿ ಸುಲಿಯುತ್ತ,
ಸಿಪ್ಪೆ ನನ್ನ ಕಾರಿನ ತುಂಬ ಚೆಲ್ಲುತ್ತ:
"ಅದನ್ನು ಬರೆದಾಗ ನನಗೆ ಇಪ್ಪತ್ತಾರು ಕಣೋ.
ಕಾಲಲ್ಲಿ ನಡೆದು ಬಿಟ್ಟುಹೋದವರಷ್ಟೇ ಗೊತ್ತಿದ್ದರು."
ಆಮೇಲೆ ಮಿಸೌರಿ ಗಡಿಯವರೆಗೂ ಮಾತಿಲ್ಲ.

ಮಾರನೆಯ ದಿನ ಜಾಪ್ಲಿನ್ನಿನಲ್ಲಿ 'ಡಿ'ಯಲ್ಲೇ ಹಾಡಿದಳು.
ಕೋಟು ಹಾಗೇ ಇದೆ, ಎಂದಳು.
ಭುಜ ತಾನಾಗಿ ಇಳಿಯಿತು.

ಕೊನೆಗೆ ಹೆಂಗಸೊಬ್ಬಳು ಜಗಳಕ್ಕೇ ಬಂದಳು:
"ನಲವತ್ತು ವರ್ಷದಿಂದ ಕೇಳ್ತಿದ್ದೀನಿ, ಸಾಲು ತಪ್ಪಿದಿರಿ."
"ಹೌದಮ್ಮ, ವಯಸ್ಸಾಯಿತು," ಎಂದು ಓಪಲ್
ಕ್ಯಾಸೆಟ್ಟಿನ ಮೇಲೆ ಸಹಿ ಗೀಚಿ
ಐದು ಡಾಲರು ಎಣಿಸಿಕೊಂಡಳು.