ಹೋದಷ್ಟೂ ಬರಬೇಕು

ಏಳು ಸ್ವಿಚ್ಚು ಮೊನ್ನೆಯೇ ಕೂರಿಸಿದ್ದೆ. ಹೊಸ ಬೋರ್ಡು,
ಕೂದಲೆಳೆಯಷ್ಟು ಸೋರಿದರೂ ತಟ್ಟನೆ ಬೀಳುವ ಬ್ರೇಕರು.
ಉತ್ತಯ್ಯ ಸೋಫಾದಲ್ಲೇ ಕೂತು ಫೋನಿಗೆ ಹೇಳಿದರು:
ಹಾಲ್. ಹೊತ್ತಿತು.
ಪಡಸಾಲೆ. ಹೊತ್ತಿತು.
ಅಡುಗೆಮನೆಯಿಂದ ಪೊನ್ನವ್ವ:
“ನಾನು ಕರೆದರೆ ಇಷ್ಟು ಬೇಗ ಯಾರೂ ಬರೋದಿಲ್ಲ.”
ಎಂಟನೆಯದು ಮೆಟ್ಟಿಲ ದೀಪದ್ದು.
ಅದರ ಡಬ್ಬಿಯಲ್ಲಿ ಕಪ್ಪು ವಯರೇ ಇರಲಿಲ್ಲ,
ನಾಳೆ ನೋಡೋಣ ಅಂದೆ.
ಬೆಲ್ಲದ ಕಾಫಿ ಕುಡಿದು, ಎಂಜಿನ್ ಆರಿಸಿ,
ವಿರಾಜಪೇಟೆಯ ಇಳಿಜಾರಿಗೆ ಸ್ಕೂಟರು ಬಿಟ್ಟುಕೊಟ್ಟೆ.

ಆರೂವರೆಗೆ ಫೋನು:
“ರಮ್ಲಾ, ಮನೆಯೆಲ್ಲ ಕತ್ತಲೆ.”
ಎತ್ತಿದರೆ ಬೀಳುತ್ತದೆ, ಎತ್ತಿದರೆ ಬೀಳುತ್ತದೆ.
ಮರುಸಂಜೆಯೂ ಆರೂವರೆಗೇ.
ಪುತ್ತರಿಗೆ ಇನ್ನು ಒಂಬತ್ತು ದಿನ,
ನೆಂಟರ ಮುಂದೆ ಮರ್ಯಾದೆ ಹೋಗುತ್ತೆ ಅಂದರು.

ದೋಷಕ್ಕೆ ಗಡಿಯಾರ ಗೊತ್ತಿರುವುದಿಲ್ಲ.
ಗಡಿಯಾರ ಗೊತ್ತಿದ್ದರೆ ಅದು ದೋಷವಲ್ಲ,
ಯಾರದೋ ಬೆರಳು.

ಇವತ್ತು ಏಣಿ ತಂದೆ. ಒಂದೊಂದೇ ಬಿಚ್ಚಿದೆ.
ಮೊಯ್ದು ಮಾಮ ಎಳೆದ ವಯರಿಂಗು,
ಗಂಟು ನೋಡಿದರೇ ಗೊತ್ತಾಗುತ್ತದೆ, ಅವನ ಟೇಪು ಎಡಕ್ಕೆ ಸುತ್ತಿರುತ್ತದೆ.
ಆಗ ಇದು ಒಂದೇ ಮನೆ.
ರಸ್ತೆಯಿಂದ ಹತ್ತಿ ಬರುವ ಹತ್ತೊಂಬತ್ತು ಕಲ್ಲುಮೆಟ್ಟಿಲಿಗೆ
ಒಂದೇ ದೀಪ, ಎರಡು ಸ್ವಿಚ್ಚು,
ಅಣ್ಣನ ಬಾಗಿಲಲ್ಲೊಂದು ತಮ್ಮನ ಬಾಗಿಲಲ್ಲೊಂದು.
ಪಾಲಾದಾಗ ಗೋಡೆ ಬಂತು, ಮೀಟರು ಎರಡಾಯಿತು,
ಮೆಟ್ಟಿಲನ್ನು ಮಾತ್ರ ಸೀಳಲು ಬರಲಿಲ್ಲ.
ಕಾರಣ ಪೇಟೆಗೆಲ್ಲ ಗೊತ್ತು. ನಾನು ಕೇಳಿಲ್ಲ.

ಕೆಂಪು ಇಲ್ಲಿಂದ ಹೋಗುತ್ತದೆ, ದೀಪ ದಾಟುತ್ತದೆ,
ಕಪ್ಪಾಗಿ ಬಿದ್ದಪ್ಪನ ಮೀಟರಿಗೆ ಇಳಿಯುತ್ತದೆ.
ಹನ್ನೊಂದು ವರ್ಷ ಹೀಗೇ ಉರಿದಿದೆ.
ಹಳೇ ಫ್ಯೂಸಿಗೆ ಲೆಕ್ಕ ಬರುತ್ತಿರಲಿಲ್ಲ.
ಹೊಸ ಬ್ರೇಕರಿಗೆ ಬರುವುದು ಅದೊಂದೇ:
ಹೋದಷ್ಟೂ ಬರಬೇಕು, ಹೋದ ದಾರಿಯಲ್ಲೇ ಬರಬೇಕು,
ಇಲ್ಲದಿದ್ದರೆ ನಾನಿಲ್ಲ, ಅನ್ನುತ್ತದೆ.
ಬಿದ್ದಪ್ಪ ಸಂಜೆ ಸ್ವಿಚ್ಚು ಒತ್ತಿದ್ದೇ ತಡ
ಈ ಮನೆ ಇಡೀ ಕಣ್ಣು ಮುಚ್ಚುತ್ತದೆ.

ಹೇಳಿದೆ.
ಉತ್ತಯ್ಯ ಬಹಳ ಹೊತ್ತು ಬೋರ್ಡನ್ನೇ ನೋಡಿದರು.
“ದಿನಾ ಅವನಾ ಹಾಕೋದು?”
“ನೀವೇ ಹಾಕೋದು ಅಂದ್ಕೊಂಡಿದ್ರಾ?”
“ನಾನು ಹತ್ತು ಗಂಟೆಗೆ ಆರಿಸೋದು.”
ಏಣಿ ಹಿಡಿದಿದ್ದ ಪೊನ್ನವ್ವ ಏನೂ ಅನ್ನಲಿಲ್ಲ.
ಅವರಿಗೆ ಗೊತ್ತಿತ್ತು ಅಂತ ಏಣಿಯಿಂದಲೇ ಗೊತ್ತಾಯಿತು.

“ಸರಿ, ಆ ಕಡೆಯದು ಕತ್ತರಿಸಿಬಿಡು,” ಅಂದರು.
“ಹದಿನಾಲ್ಕು ಅಡಿ ಕಪ್ಪು ಎಳಿ, ನಮ್ಮದರಿಂದಲೇ.
ನಿನ್ನ ಎಂಟನೇ ಸ್ವಿಚ್ಚು ಕೂರಿಸು. ಟೈಮರ್ ಇದೆಯಲ್ಲ?”
ಇದೆ. ಅದು ನಿದ್ದೆಹೋಗದ ಸ್ವಿಚ್ಚು,
ದೀಪ ಆರಿದಾಗಲೂ ಒಂದು ಗುಟುಕು ಕರೆಂಟು ಕುಡಿದು ಎಚ್ಚರವಿರುತ್ತದೆ.
ಕಪ್ಪು ಎಳೆದೆ. ಪಟ್ಟಿ ಹೊಡೆದೆ. ಫೋನು ತೆರೆದು ಕೇಳಿದೆ:
ಹಾಕೋದು ಎಷ್ಟಕ್ಕೆ?
“ಆರೂವರೆ.”
ಆರಿಸೋದು?
“ಹತ್ತು.”
ಒತ್ತಬೇಕಿತ್ತು, ಅಷ್ಟರಲ್ಲಿ
“ತಡಿ,” ಅಂದರು, ಕಿಟಕಿಯಾಚೆ ನೋಡುತ್ತ.
ಮಲೆತಿರಿಕೆ ಬೆಟ್ಟ ಆಗಲೇ ಕಾಣುತ್ತಿರಲಿಲ್ಲ.
“ಮಂಜು ಇಳಿದ ದಿನ ಅವನು ಐದಕ್ಕೇ ಹಾಕಿರ್ತಾನೆ.
ನನ್ನ ಮಂಡಿ ನೋವಿದ್ದ ವರ್ಷ ಮಧ್ಯಾಹ್ನವೂ ಉರೀತಿತ್ತು.
ಮರೆವು ಅಂತ ಬೈಕೊಂಡೇ ಆರಿಸ್ತಿದ್ದೆ.”

ಸುಮ್ಮನೆ ನಿಂತೆವು. ಏಣಿ ಸ್ವಲ್ಪ ಅಲುಗಿತು.
“ಏಳಕ್ಕೇ ಬಿಲ್ಲು ಬರಿ,” ಅಂದರು.

ಗೋಡೆಯೊಳಗಿನ ಎರಡು ಕೆಂಪನ್ನು ಇದ್ದಂತೆಯೇ ಬಿಟ್ಟೆ,
ಹಳೆಯ ಸ್ವಿಚ್ಚಿನ ಮೇಲೆ ಮಾಮನ ಕಾಲದ ಬಣ್ಣದ ಕಲೆ, ಒರೆಸಲಿಲ್ಲ.
ದೀಪ ಈಗ ಇದೇ ಮೀಟರಿನದು, ಒತ್ತುವ ಬೆರಳು ಆಚೆಯದು.
ಬ್ರೇಕರಿಗೆ ಅಷ್ಟು ಸಾಕು.
ಬಿಲ್ಲು ಇನ್ನು ಇವರೊಬ್ಬರಿಗೇ ಎಂದೆ, ತಿಂಗಳಿಗೆ ಎಂಟೊಂಬತ್ತು ರೂಪಾಯಿ.
“ಗೊತ್ತು,” ಅಂದರು, ಕೇಳದವರ ಹಾಗೆ.

ಎಂಟನೆಯದು ನನ್ನ ಚೀಲದಲ್ಲಿದೆ, ರಟ್ಟಿನ ಡಬ್ಬಿಯಲ್ಲಿ.
ಅವರ ಫೋನಿನಲ್ಲಿ ಮೊನ್ನೆಯೇ ಹೆಸರು ಕೊಟ್ಟಿದ್ದೆ: ಮೆಟ್ಟಿಲು.
ಅಳಿಸಲು ಮರೆತೆ.
ಸಾಧನ ಸಿಗುತ್ತಿಲ್ಲ, ಮತ್ತೆ ಹುಡುಕಲೇ ಅಂತ
ಅದು ಈಗಲೂ ಕೇಳುತ್ತಿರಬೇಕು.