ಮೋಡ ಸರಿದಷ್ಟು ಹೊತ್ತು

ಶನಿವಾರ ಸಿನಗಾಗಿನಲ್ಲಿ ಸಾರಿದ್ದರು
ಅವಳು ಹುಟ್ಟುವ ಹೊತ್ತು:
ಮಂಗಳವಾರ, ನಸುಕಿನ ನಾಲ್ಕು ಗಂಟೆ,
ಹದಿಮೂರು ನಿಮಿಷ, ಮೇಲೆ ಏಳು ಭಾಗ.
ನಿಮಿಷಕ್ಕೆ ಹದಿನೆಂಟು ಭಾಗ, ಅಷ್ಟು ನಯ ಲೆಕ್ಕ.
ಹೆರಿಗೆಯ ಗಳಿಗೆ ಗಂಡಸರಿಗೇ ಚೆನ್ನಾಗಿ ಗೊತ್ತು ನಮ್ಮಲ್ಲಿ.
ಮೇಲಿನ ಜಾಲರಿಯ ಹಿಂದೆ ನಾವು
ತಲೆದೂಗಿದೆವು.

ಆ ಮಂಗಳವಾರ ನಾನು ಸೂಜಿ ಮುಟ್ಟಲಿಲ್ಲ.
ಚಿನ್ನದ ಕರು ಎರಕ ಹೊಯ್ಯಲು ಓಲೆ ಕೇಳಿದಾಗ
ಕೊಡೆವು ಎಂದರಂತೆ ನಮ್ಮ ಹಿಂದಿನ ಹೆಂಗಸರು.
ಅದಕ್ಕೆ ಸಿಕ್ಕ ರಜೆ ಇದು, ತಿಂಗಳಿಗೊಂದು.
ಒಲೆಗೆ ಮಾತ್ರ ರಜೆಯಿಲ್ಲ.

ಆಮೇಲೆ ಹನ್ನೆರಡು ರಾತ್ರಿ ಮೋಡ.
ಆಂಟ್‌ವರ್ಪಿನ ಮೋಡಕ್ಕೆ ನಾಚಿಕೆಯಿಲ್ಲ,
ಸ್ಟೇಷನ್ನಿನ ಗುಮ್ಮಟದ ಮೇಲೆ ಒದ್ದೆ ಕಂಬಳಿಯಂತೆ
ಬಿದ್ದೇ ಇತ್ತು.
ಗೆಟ್ಸಲ್ ಊಟದ ನಡುವೆ ಎದ್ದೆದ್ದು
ಕಿಟಕಿಗೆ ಹಣೆ ಒತ್ತುತ್ತಿದ್ದ, ಸೂಪು ಆರುತ್ತಿತ್ತು.
ಕಾಣದೆ ಹರಸುವಂತಿಲ್ಲ.
ಹುಣ್ಣಿಮೆ ದಾಟಿದರೆ ಕಂಡರೂ ಹರಸುವಂತಿಲ್ಲ.

ಹದಿನಾಲ್ಕನೆಯ ರಾತ್ರಿ, ಹನ್ನೊಂದೂವರೆಗೆ,
ಯಾರೋ ಬೀದಿಯಲ್ಲಿ ಕೂಗಿದರು: "ಲೆವೊನೆ!"
ಮನೆಯ ಚಪ್ಪಲಿಯಲ್ಲೇ ಓಡಿದ,
ಮೇಲಂಗಿಗೆ ಒಂದೇ ತೋಳು ತೂರಿಸಿ.
ಕೆಳಗೆ ಟ್ರಾಮ್ ಹಳಿಯ ಪಕ್ಕ ಇದ್ದವರು ಮೂವರು:
ಬೇಕರಿಯ ಯೋಯ್ನೆ, ಮೀಸೆ ಚಿಗುರುತ್ತಿದ್ದ ಅವನ ಮಗ,
ಮತ್ತೆ ಹಿರ್ಶ್‌ಬೇರ್.

ಹಿರ್ಶ್‌ಬೇರ್!
ಹನ್ನೊಂದು ವರ್ಷದ ಕೆಳಗೆ ಒಂದೇ ಮೇಜಿಗೆ ಕೂತು
ಇಬ್ಬರೂ ವಜ್ರ ಉಜ್ಜುತ್ತಿದ್ದರು.
ಬಟಾಣಿಯಷ್ಟು ಕಲ್ಲು, ತುಸು ಹಳದಿ,
ಗೆಟ್ಸಲನ ಕೈಯಲ್ಲಿ ಸೀಳಿತು.
ಚಕ್ರದ ತಪ್ಪೆಂದ ಇವನು, ಕೈಯ ತಪ್ಪೆಂದ ಅವನು.
ಎರಡು ಮದುವೆ, ಒಂದು ಸಾವು ದಾಟಿ
ಆ ಸೀಳು ಉದ್ದವಾಗುತ್ತಲೇ ಇದೆ.

ನಮ್ಮಲ್ಲಿ ಚಂದ್ರ ಹೆಣ್ಣು.
ಮೊದಲು ಸೂರ್ಯನಿಗೆ ಸರಿಸಮ ಇದ್ದಳಂತೆ.
ಒಂದೇ ಕಿರೀಟ ಇಬ್ಬರು ತೊಡುವುದುಂಟೇ ಎಂದು ಕೇಳಿದ್ದಕ್ಕೆ
ಸರಿ, ನೀನೇ ಕಿರಿದಾಗು, ಹೋಗು ಎಂದನಂತೆ ದೇವರು.
ಆಮೇಲೆ ಅವನಿಗೇ ಕರುಳು ಚುರ್ರೆಂದಿತಂತೆ.
ಉಜ್ಜುವವನ ಹೆಂಡತಿ ನಾನು, ಬಲ್ಲೆ:
ಅರ್ಧ ತೂಕ ಧೂಳಾಗದೆ ಯಾವ ಕಲ್ಲೂ ಹೊಳೆಯುವುದಿಲ್ಲ.
ಕಲ್ಲನ್ನು ಮಾತ್ರ ಯಾರೂ ಕೇಳಿದ್ದಿಲ್ಲ.

ಮೇಲಿನಿಂದ ನೋಡಿದೆ.
ನಾಲ್ಕು ಕಪ್ಪು ಟೋಪಿ, ಬೀದಿದೀಪಕ್ಕೆ ಬೆನ್ನು ಮಾಡಿ
ತುದಿಗಾಲಲ್ಲಿ ಮೂರು ಸಲ ಮೇಲೆದ್ದವು.
ನಿನ್ನನ್ನು ನಾವು ಮುಟ್ಟಲಾರೆವು,
ಹಾಗೆಯೇ ಹಗೆಗಳಿಗೆ ನಾವೂ ಎಟುಕದಿರಲಿ
ಎಂಬ ಅರ್ಥದ ಮಾತು.
ಹಗೆ ಮೊಳದಷ್ಟು ದೂರದಲ್ಲಿ,
ಅದೇ ಮಾತಾಡುತ್ತ, ಅದೇ ತುದಿಗಾಲಲ್ಲಿ.

ಆಮೇಲೆ ಮೂವರಿಗೆ ಶಾಂತಿ ಕೋರಬೇಕು.
ಯೋಯ್ನೆಗೆ ಕೋರಿದ. ಹುಡುಗನಿಗೆ ಕೋರಿದ.
ಇನ್ನೊಬ್ಬನಿಗೆ ಹುಡುಕಿದ, ಆಚೆ ನೋಡಿದ, ಈಚೆ ನೋಡಿದ,
ಸೈಕಲ್ಲುಗಳನ್ನೂ ನೋಡಿದ.
ಮೂರನೆಯ ಸಲ ಅವನ ಬಾಯಿಂದ ಹೊರಟ ಹಬೆ
ನನಗೆ ಇಲ್ಲಿಂದಲೇ ಕಂಡಿತು.
ಆ ಕಡೆಯಿಂದ ತುಸು ತಡವಾಗಿ
ಇನ್ನೊಂದು ಹಬೆ.

ಅಷ್ಟೇ. ಅಂಗಿಯ ಅಂಚು ಕೊಡವಿ
ಅವನು ಆ ಕಾಲುದಾರಿ, ಇವನು ಈ ಕಾಲುದಾರಿ.
ಮೆಟ್ಟಿಲೇರಿ ಬಂದು, ಒದ್ದೆ ಚಪ್ಪಲಿ ಕಳಚುತ್ತ,
"ಹಿರ್ಶ್‌ಬೇರನ ಗಡ್ಡ ಪೂರ್ತಿ ಬೆಳ್ಳಗಾಗಿದೆ" ಅಂದ.
ಕನ್ನಡಿಯ ಮಾತು ನಾನು ಎತ್ತಲಿಲ್ಲ.

ಅವನು ಮಲಗಿದ ಮೇಲೆ ಕಿಟಕಿ ತೆರೆದೆ.
ನನ್ನ ಪಾಲಿಗೆ ಮಂತ್ರವಿಲ್ಲ.
ಹಿಮ್ಮಡಿ ಮಾತ್ರ ತಾನಾಗಿ ಒಂದಿಷ್ಟು ಎದ್ದಿತು,
ಮೋಡ ಮುಚ್ಚುವಷ್ಟರಲ್ಲಿ.

ಬೆಳಿಗ್ಗೆ ನೋಡಿದರೆ ಮೇಲಂಗಿಯ ತೋಳಿನ ಒಳಬಟ್ಟೆ ಹರಿದಿತ್ತು,
ಅವಸರದಲ್ಲಿ ತಪ್ಪು ಕೈ ತೂರಿಸಿದ್ದ.
ಸೂಜಿಗೆ ಕಪ್ಪು ದಾರ ಪೋಣಿಸಿದೆ.